ಗೆರೆ ದಾಟಿದ ಕೋಲು

ಕೂತ್ಕೋ. ಕೂತ್ಕೋ ಅಂದೆ ತಾನೆ? ಅವರು ಕರೆದಾಗ ಎದ್ದರಾಯ್ತು. ಚಹಾ ಈಗಷ್ಟೇ ಒಳಗೆ ಹೋಯ್ತು, ಬಿಸ್ಕತ್ತಿನ ತಟ್ಟೆ ಸಮೇತ. ಮೂರು ಜನ ದೊಡ್ಡ ಮನುಷ್ಯರು ಸೇರಿ ಇಪ್ಪತ್ತು ವರ್ಷದ ಒಂದು ಹುಡುಗಿಗೆ ಶಿಸ್ತು ಕಲಿಸ್ಬೇಕು ಅಂದ್ರೆ ಸುಮ್ನೇನಾ? ಮೊದ್ಲು ಹೊಟ್ಟೆ ತಣ್ಣಗಿರ್ಬೇಕಲ್ಲ!

ಇಲ್ಲ, ನನ್ನನ್ನ ಯಾರೂ ಕರೆದಿಲ್ಲ. ಕರೆಯೋದೂ ಇಲ್ಲ. ನಾನಾಗೇ ಬಂದೆ... ಯಾಕೆ ಹಾಗೆ ನೋಡ್ತೀಯ? ಬರಬಾರದಾ? ಒಂಬತ್ತು ವರ್ಷ ಈ ದೇಶದ ರಿಲೇ ಕೋಲು ಹಿಡಿದು ಕೊನೇ ನೂರು ಮೀಟರ್ ಓಡಿದೋಳು ನಾನು. ಈ ಕ್ರೀಡಾಂಗಣದಲ್ಲಿ ಯಾವ ಬೆಂಚು ಯಾವ ಕಾಲಲ್ಲಿ ಕುಂಟುತ್ತೆ ಅನ್ನೋದೂ ನನಗೆ ಗೊತ್ತು. ನೀನು ಒಬ್ಬಳೇ ಕೂತಿರ್ತೀಯಲ್ಲ, ಪಕ್ಕದಲ್ಲಿ ನಮ್ಮೋರು ಅಂತ ಒಬ್ಬರಾದ್ರೂ ಇರಲಿ ಅಂತ ಬಂದೆ. ಅಷ್ಟೇ.

ಅದೇನು ಚೀಲ? ತೋರ್ಸು. ತೋರ್ಸೇ!

ಅಯ್ಯೋ... ತಂಡದ ಜಾಕೆಟ್ಟು. ವಾಪಸ್ ಕೊಡಕ್ಕಾ? ಯಾರು ಕೇಳಿದ್ರು ಇದನ್ನ? ಇಸ್ತ್ರಿ ಬೇರೆ! ನಿಮ್ಮಪ್ಪ ಮಾಡಿದ್ದು ತಾನೆ? ತೋಳಿನ ಗೆರೆ ನೋಡಿದ್ರೇ ಗೊತ್ತಾಗುತ್ತೆ, ಮುಟ್ಟಿದ್ರೆ ಬೆರಳು ಕುಯ್ಯೋ ಹಾಗಿದೆ. ಮಗಳನ್ನ ತಂಡದಿಂದ ಆಚೆ ಹಾಕ್ತಾರೆ ಅಂತ ಗೊತ್ತಿದ್ದೂ ಆ ಮನುಷ್ಯ ಪೆಟ್ಟಿಗೆ ಕಾಯಿಸಿ, ನೀರು ಚಿಮುಕಿಸಿ, ಕಾಲರ್ ತಿದ್ದಿ... ಥೂ! ಒಳಗಿಡು. ಒಳಗಿಡು ಅದನ್ನ, ನನ್ನ ಕೈಲಿ ನೋಡಕ್ಕಾಗಲ್ಲ.

ಕೊಡಬೇಡ. ಕೇಳಿಸ್ತಾ? ಅವರು ಕೇಳಿದ್ರೂ ಕೊಡಬೇಡ. ಬೆವರು ನಿಂದು, ಬಟ್ಟೆ ನಿಂದು. ಅವರೇನು ಮನೆಯಿಂದ ಹೊಲಿಸಿ ತಂದಿದ್ರಾ? ಅವರು ಹೊಲಿಸಿಕೊಂಡಿದ್ದು ಸೂಟು! ಅಳತೆ ಕೊಟ್ಟು, ಎರಡು ಸಲ ಹಾಕಿ ನೋಡಿ, ಸೊಂಟ ಬಿಡಿಸಿ. ಹೊರಡೋಕೆ ತಿಂಗಳ ಮೊದ್ಲೇ ಅವರ ಸೂಟು ಬಂತು. ನಮ್ಮ ಮುಳ್ಳಿನ ಶೂ? ವಿಮಾನ ಹತ್ತೋ ದಿನ ಬೆಳಿಗ್ಗೆ! ನನಗೆ ಬಂದಿದ್ದು ಒಂದು ಸೈಜ್ ದೊಡ್ಡದು. "ಕಾಲ್ಚೀಲ ಎರಡು ಹಾಕ್ಕೊಳ್ಳಮ್ಮಾ" ಅಂದ್ರು ಮ್ಯಾನೇಜರ್ರು. ಜುಟ್ಟಿಗೆ ಮಲ್ಲಿಗೆ, ಹೊಟ್ಟೆಗೆ ಹಿಟ್ಟಿಲ್ಲ ಅಂದ್ರೆ ಇದೇ.

ನಗ್ತಿದ್ದೀಯಾ? ನಗು ನಗು. ಹದಿನೈದು ದಿನ ಆಯ್ತು ನಿನ್ನ ಮುಖದಲ್ಲಿ ಹಲ್ಲು ಕಂಡು... ಓ, ನಗು ಅಲ್ವಾ ಅದು. ಸರಿ.

ಆ ವಿಶ್ವ ಕ್ರೀಡಾಕೂಟಕ್ಕೆ ಅರ್ಧ ವಿಮಾನ ತುಂಬಿಸ್ಕೊಂಡು ಹೋದ್ವಿ. ಅದರಲ್ಲಿ ಓಡೋರು, ಹಾರೋರು, ಎಸೆಯೋರು ಎಷ್ಟು, ಸುಮ್ನೆ ಊಟ ಮಾಡೋರು ಎಷ್ಟು? ಡಾಕ್ಟರ್ ಅಂತ ಒಬ್ಬರು ಬಂದಿದ್ರಲ್ಲ, ನಮ್ಮ ಸಂಘದ ಕಾರ್ಯದರ್ಶಿಗಳ ಭಾವಮೈದ. ಹಲ್ಲಿನ ಡಾಕ್ಟರ್ ಕಣೇ! ಹಲ್ಲಿನ ಡಾಕ್ಟರ್! ಓಟದ ತಂಡಕ್ಕೆ! ಉದ್ದಜಿಗಿತದ ಹುಡುಗಿ ತೊಡೆ ಹಿಡಿದಿದೆ ಅಂತ ಹೋದ್ರೆ "ಬಿಸಿನೀರು ಮುಕ್ಕಳಿಸು" ಅಂದ್ರಂತೆ. ಅಭ್ಯಾಸಬಲ ಪಾಪ. ಮೂರು ಜಿಗಿತ, ಮೂರೂ ತಪ್ಪು, ಚೀಲ ಹೆಗಲಿಗೆ ಹಾಕ್ಕೊಂಡು ವಾಪಸ್. ನಡಿಗೆ ಸ್ಪರ್ಧೆಯೋಳಿಗೆ ಕೆಂಪು ಚೀಟಿ ಮೇಲೆ ಕೆಂಪು ಚೀಟಿ ತೋರಿಸಿ ರಸ್ತೆ ಪಕ್ಕಕ್ಕೆ ಸರಿಸಿದ್ರು, ಅಲ್ಲೇ ಕಟ್ಟೆ ಮೇಲೆ ಕೂತು ಅತ್ತಳು. ಭರ್ಜಿ ಎಸೆಯೋನ ಭರ್ಜಿ ಬೇರೆ ಊರಿಗೆ ಹೋಗಿತ್ತು! ಯಾರದೋ ಭರ್ಜಿ ಬೇಡಿ ತಗೊಂಡು ಎಸೆದ. ನಮ್ಮ ಗುಂಡಮ್ಮ ಒಬ್ಬಳು, ಸುತ್ತಿಗೆ ಎಸೆತದಲ್ಲಿ ಏಳನೆಯವಳಾಗಿ ಬಂದಳು. ಏಳನೆಯವಳು! ಇಡೀ ಭೂಮಿ ಮೇಲೆ! ವಾಪಸ್ ಬಂದಾಗ ವಿಮಾನ ನಿಲ್ದಾಣದಲ್ಲಿ ಒಂದು ನರಪಿಳ್ಳೆ ಇತ್ತಾ ಅವಳಿಗೆ? ಎರಡು ಪೆಟ್ಟಿಗೆ ಎಳ್ಕೊಂಡು ಸಿಟಿ ಬಸ್ ಹತ್ತಿ ಮನೆಗೆ ಹೋದಳು.

ಇಷ್ಟೆಲ್ಲಾ ರಾಮಾಯಣದಲ್ಲಿ ವಿಚಾರಣೆ ಯಾರಿಗೆ? ನಿನಗೆ! ನಿನಗೊಬ್ಬಳಿಗೆ! ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಶೂ ಬರದಿದ್ದಕ್ಕೆ ವಿಚಾರಣೆ ಇಲ್ಲ, ಭರ್ಜಿ ಕಳೆದಿದ್ದಕ್ಕೆ ವಿಚಾರಣೆ ಇಲ್ಲ. ಯಾಕೆ ಹೇಳು? ರಿಲೇ ಟೀವೀಲಿ ಬಂತು. ಎಲ್ಲರ ಮನೇಲೂ ಬಂತು. ಮೂರನೇ ಸ್ಥಾನದಲ್ಲಿತ್ತು ನಮ್ಮ ಕೋಲು, ಕಂಚು ಇಷ್ಟೇ ಇಷ್ಟು ದೂರ. ಅಂಗಡೀಲಿ, ಬಸ್ಸಲ್ಲಿ, ಕಟಿಂಗ್ ಶಾಪಲ್ಲಿ, ಎಲ್ಲ ಕಡೆ ಜನ ಎದ್ದು ನಿಂತಿದ್ರಂತೆ. ಎದ್ದು ನಿಂತೋರು ಹಾಗೇ ಕೂರೋದು ಹೇಗೆ? ಯಾರನ್ನಾದ್ರೂ ಬೈಬೇಕಲ್ಲ!

ಮೊನ್ನೆವರೆಗೆ ನಿನ್ನನ್ನ ಚಿಗರೆ, ಚಿಗರೆ ಅಂತಿದ್ರು. ಪೇಪರಿನೋರೇ ಇಟ್ಟ ಹೆಸರು. ಈಗ? "ಅವಸರದಮ್ಮ." ನಮ್ಮ ಮನೆಯೋರು ಬಸ್ ಓಡಿಸೋವಾಗ ಯಾರೋ ಒಬ್ಬ ಇಳಿಯೋಕೆ ಮುಂಚೆ ಬಾಗಿಲಿಗೆ ಬಂದ್ರೆ ಹಿಂದಿನೋನು ಕೂಗಿದನಂತೆ, "ಏಯ್, ಅವಸರದಮ್ಮ ಆಗ್ಬೇಡಪ್ಪ" ಅಂತ. ಬಸ್ಸಿಗೆ ಬಸ್ಸೇ ನಕ್ಕಿತಂತೆ. ನಮ್ಮ ಮನೆಯೋರು ಗಾಡಿ ನಿಲ್ಲಿಸಿ ಆ ಕೂಗಿದೋನನ್ನ ಕೆಳಗಿಳಿಸಿದ್ರು. ನಿನಗೋಸ್ಕರ. ಹೂಂ! ಅವರಿಗೆ ನಿನ್ನ ಕಂಡ್ರೆ ತುಂಬಾ ಇದು... ನಿಮ್ಮಪ್ಪನ ಇಸ್ತ್ರಿ ಅಂಗಡಿ ಮುಂದೆ ನಿಂತು, ಬಟ್ಟೆ ಕೊಡೋ ನೆಪದಲ್ಲಿ, "ಏನ್ರೀ, ನಿಮ್ಮ ಮಗಳಿಗೆ ಅರ್ಧ ಸೆಕೆಂಡ್ ಕಾಯಕ್ಕಾಗ್ಲಿಲ್ವಾ" ಅಂತ ಕೇಳ್ತಾರಂತಲ್ಲ? ಹೌದಾ? ಕೇಳಿದೋರ ಶರ್ಟು ಸುಡಬೇಕಿತ್ತು ಆ ಮನುಷ್ಯ. ಬೆನ್ನಲ್ಲಿ ಇಷ್ಟಗಲ ತೂತು!

ಈಗ ಕೇಳು. ನಾನು ಬಂದಿದ್ದು ಇದಕ್ಕೇ. ಒಳಗೆ ಹೋದ್ಮೇಲೆ ಏನು ಹೇಳ್ಬೇಕು ಅಂತ ಯೋಚಿಸಿದ್ದೀಯಾ? ಇಲ್ಲ ತಾನೆ? ನನಗೆ ಗೊತ್ತಿತ್ತು. ನಾನು ಹೇಳ್ತೀನಿ, ಹಾಗೇ ಹೇಳು. "ಸಾರ್, ಗಾಬರಿ ಆಯ್ತು ಸಾರ್." ಅಷ್ಟೇ. "ಅಷ್ಟು ಜನರನ್ನ ನೋಡಿ ಗಾಬರಿ ಆಯ್ತು, ಬೇಗ ಹೊರಟುಬಿಟ್ಟೆ, ಇನ್ನೊಂದು ಸಲ ಹೀಗಾಗಲ್ಲ." ಕಣ್ಣಲ್ಲಿ ಸ್ವಲ್ಪ ನೀರು ತಂದ್ಕೋ. ಗಂಡಸರು ಕಣ್ಣೀರು ಕಂಡ್ರೆ ಬೇಗ ಎದ್ದು ಹೋಗ್ತಾರೆ. ಎರಡು ವರ್ಷ ಓಡಬಾರದು ಅನ್ನೋದು ಆರು ತಿಂಗಳಾಗುತ್ತೆ. ಚಿಕ್ಕೋಳು ನೀನು, ಆರು ತಿಂಗಳು ಯಾವ ಲೆಕ್ಕ?

ಆ ನೆಲಕ್ಕೆ ಅಂಟಿಸೋ ಪಟ್ಟಿ, ಗುರುತು, ಅದೆಲ್ಲ ಎತ್ತಬೇಡ. ಅವರಿಗೆ ತಿಳಿಯಲ್ಲ. ನಿಜವಾಗ್ಲೂ ತಿಳಿಯಲ್ಲ ಕಣೇ! ಆ ಮಧ್ಯದಲ್ಲಿ ಕೂತಿದ್ದಾರಲ್ಲ ದಪ್ಪ ಕನ್ನಡಕದೋರು, ಮೊನ್ನೆ ನನ್ನನ್ನೇ ಕೇಳಿದ್ರು, "ಆ ಹುಡುಗಿ ಒಂದು ಸಲ ಹಿಂದೆ ತಿರುಗಿ ನೋಡಬಾರದಿತ್ತೇನಮ್ಮಾ?" ಹಿಂದೆ ತಿರುಗಿ! ನನಗೆ ಮೈ ಉರೀತು. ಕೊನೇ ಓಟದೋಳು ಹೊರಟ ಮೇಲೆ ಹಿಂದೆ ನೋಡಲ್ಲ ಸ್ವಾಮಿ ಅಂದೆ. ನಿಂತ ಜಾಗದಿಂದ ಇಷ್ಟು ಹೆಜ್ಜೆ ಹಿಂದಕ್ಕೆ ಅಂತ ನೆಲಕ್ಕೊಂದು ಪಟ್ಟಿ ಅಂಟಿಸಿರ್ತೀವಿ. ಕೋಲು ತರೋಳು ಆ ಪಟ್ಟಿ ತುಳಿದಳೋ, ನಾವು ಹೊರಟ್ವಿ. ಕಣ್ಣು ಮುಂದೆ, ಕೈ ಹಿಂದೆ, ಪ್ರಾಣ ಬಿಟ್ಟು ಓಡೋದು. ಮುಂದಿನ ಗೆರೆ ದಾಟೋದ್ರೊಳಗೆ ಕೋಲು ಕೈಗೆ ಬಂತೋ, ಬದುಕಿದ್ವಿ. ಗೆರೆ ದಾಟಿದ ಮೇಲೆ ಬಂತೋ, ಮುಗೀತು, ಇಡೀ ತಂಡ ಹೊರಗೆ. ಬರೋಳು ಬಂದೇ ಬರ್ತಾಳೆ ಅನ್ನೋ ನಂಬಿಕೆ ಮೇಲೆ ಓಡೋ ಓಟ ಇದು ಅಂದೆ. ಅದಕ್ಕವರು, "ಹಾಗಾದ್ರೆ ಆ ಪಟ್ಟಿನೇ ಸರಿಯಾದ ಜಾಗದಲ್ಲಿ ಇಟ್ಟಿರ್ಲಿಲ್ವೋ ಏನೋ" ಅಂದ್ರು. ಅಂದು ಕನ್ನಡಕ ಒರೆಸಿಕೊಂಡ್ರು.

ಅದಕ್ಕೇ ಹೇಳ್ತಿರೋದು. ಎತ್ತಬೇಡ. ನೀನು ಪಟ್ಟಿ ಅಂತಿದ್ದ ಹಾಗೇ ಅವರು ಎಲ್ಲಿಟ್ಟೆ ಅಂತಾರೆ, ಯಾರು ಹೇಳಿದ್ರು ಅಂತಾರೆ, ಒಂದಕ್ಕೆ ಹತ್ತು ಬೆಳೆಯುತ್ತೆ. ಯಾಕೆ ಬೇಕು? "ಗಾಬರಿ ಆಯ್ತು ಸಾರ್." ಮೂರು ಮಾತು. ಎಲ್ಲಿ, ಹೇಳು ನೋಡೋಣ.

ಹೇಳೇ.

ಬಾಯಲ್ಲಿ ಕಡುಬು ಇಟ್ಕೊಂಡಿದ್ದೀಯಾ? ಹದಿನೈದು ದಿನದಿಂದ ಇದೇ ಆಯ್ತು. ಫೋನ್ ಮಾಡಿದ್ರೆ ಎತ್ತಿ ಸುಮ್ನೆ ಇರ್ತೀಯ, ಉಸಿರಾಡೋದು ಮಾತ್ರ ಕೇಳುತ್ತೆ. ಮಾತು ಬೆಳ್ಳಿ, ಮೌನ ಬಂಗಾರ ಅಂತೆ! ಇಡೀ ತಂಡಕ್ಕೆ ಒಂದು ಕಂಚು ಸಿಗ್ಲಿಲ್ಲ, ನೀನು ಬಂಗಾರ ಕಚ್ಕೊಂಡು ಕೂತಿದ್ದೀಯ.

ನನ್ನ ಮೇಲೆ ಕೋಪನಾ? ಹೇಳಿಬಿಡು. ಏನಾದ್ರೂ ಇದ್ರೆ ಮುಖಕ್ಕೆ ಹೇಳಿಬಿಡು, ನಾನು ಬೇಜಾರು ಮಾಡ್ಕೊಳಲ್ಲ. ಕೋಪ ಬರಬೇಕಾಗಿದ್ದು ನನಗೆ! ಬಂದಿತ್ತು, ಸುಳ್ಳು ಯಾಕೆ ಹೇಳ್ಲಿ. ಅರ್ಹತಾ ಸುತ್ತಿನಲ್ಲಿ ಓಡಿದ್ದು ಯಾರು? ನಾನು. ತಂಡನ ಫೈನಲ್‌ಗೆ ತಂದಿದ್ದು ಯಾರ ಕಾಲು? ಟೀಚರಮ್ಮ ಮೊದಲು, ಲಂಬೂ ಎರಡನೆಯವಳು, ದೊಡ್ಡಕ್ಕ ಮೂರನೆಯವಳು, ತಿರುವಲ್ಲಿ, ಕೊನೆಗೆ ನಾನು. ಒಂಬತ್ತು ವರ್ಷದಲ್ಲಿ ನಾವು ಅಷ್ಟು ಜೋರಾಗಿ ಯಾವತ್ತೂ ಓಡಿರ್ಲಿಲ್ಲ. ಓಡಿ ಬಂದು ನಾಲ್ಕೂ ಜನ ನೆಲದ ಮೇಲೆ ಬಿದ್ಕೊಂಡು ನಕ್ಕಿದ್ದೇನು, ಅತ್ತಿದ್ದೇನು! ಮಾರನೇ ದಿನ ಮಧ್ಯಾಹ್ನ ಊಟದ ಸಾಲಲ್ಲಿ ನಿಂತಿದ್ದೀನಿ, ತಟ್ಟೆ ಹಿಡ್ಕೊಂಡು. ನನ್ನ ಮುಂದೆ ಕೋಚ್ ಸಾರ್. ಅನ್ನ ಬಡಿಸ್ಕೋತಾ, ಈ ಕಡೆ ತಿರುಗಲೂ ಇಲ್ಲ, "ನಾಳೆ ಫೈನಲ್‌ಗೆ ಚಿಗರೆ ಓಡ್ತಾಳಮ್ಮಾ, ನಿನಗೆ ಅರ್ಥ ಆಗುತ್ತಲ್ಲ" ಅಂದ್ರು. ಸೌಟು ಕೆಳಗಿಡ್ಲಿಲ್ಲ ಕಣೇ! ಒಂಬತ್ತು ವರ್ಷಕ್ಕೆ ಒಂದು ಸೌಟು ಕೆಳಗಿಡಕ್ಕೆ ಆಗ್ಲಿಲ್ಲ ಆ ಮನುಷ್ಯಂಗೆ! "ಪಲ್ಯ ಚೆನ್ನಾಗಿದೆ ಹಾಕ್ಕೋ" ಅಂತ ಬೇರೆ ಅಂದ್ರು.

ನಿಂದೇನು ತಪ್ಪು ಅದ್ರಲ್ಲಿ? ಇಲ್ಲ. ನೀನು ನನಗಿಂತ ಜೋರು. ನೂರು ಮೀಟರಲ್ಲಿ ಸೆಮಿಫೈನಲ್ ತನಕ ಹೋದೋಳು. ನಾನೇ ಕೋಚ್ ಆಗಿದ್ರೂ ನಿನ್ನನ್ನೇ ಹಾಕ್ತಿದ್ದೆ. ಹಾಕ್ತಿದ್ದೆ, ಆದ್ರೆ ಸೌಟು ಕೆಳಗಿಟ್ಟು ಹೇಳ್ತಿದ್ದೆ.

ಮನೇಲಿ ಯಾರಿಗೂ ಹೇಳ್ಲಿಲ್ಲ ನಾನು. ಹೇಗೆ ಹೇಳೋದು? ನಮ್ಮತ್ತೆ ಅಕ್ಕಪಕ್ಕದೋರನ್ನೆಲ್ಲ ಕರೆದು ಟೀವಿ ಮುಂದೆ ಚಾಪೆ ಹಾಸಿದ್ರು. ನನ್ನ ಮಗಳು, ಆರು ವರ್ಷದ್ದು, ಎಲ್ಲರಿಗಿಂತ ಮುಂದೆ ಕೂತಿತ್ತಂತೆ. ನಿಮ್ಮ ನಾಲ್ಕು ಜನರ ಮುಖ ಒಂದೊಂದಾಗಿ ತೋರಿಸಿದ್ರಲ್ಲ, ಆಗ ಕೇಳಿತಂತೆ, "ಅಮ್ಮ ಎಲ್ಲಿ?" ಅಂತ. "ಬರ್ತಾಳೆ ಇರು, ಕೊನೇಲಿ ಬರ್ತಾಳೆ" ಅಂದ್ರಂತೆ ನಮ್ಮತ್ತೆ. ಓಟ ಶುರುವಾಯ್ತು, ಮುಗೀತು, ಕೆಂಪು ಬಾವುಟ ಎತ್ತಿದ್ರು, ಎಲ್ಲರೂ ತಲೆ ಚಚ್ಕೊಂಡು ಎದ್ದುಹೋದ್ರು. ಆಮೇಲೂ ಅದು ಟೀವಿ ಮುಂದೇನೇ ಕೂತಿತ್ತಂತೆ. ಅಮ್ಮ ಇನ್ನೂ ಬಂದಿಲ್ಲ ಅಂತ.

...ಬಿಡು. ಅದೆಲ್ಲ ನಿನಗೆ ಯಾಕೆ? ಅಳಬೇಡ. ನಾನು ಹೇಳಿದ್ದು ನಿನ್ನನ್ನ ಅಳಿಸೋಕಲ್ಲ. ಒರೆಸ್ಕೋ. ಆ ಜಾಕೆಟ್ಟಲ್ಲಿ ಒರೆಸ್ಕೋಬೇಡ, ಇಕೋ ನನ್ನ ಕರ್ಚೀಫು.

ಈಗ ನನ್ನ ಹೊಟ್ಟೆ ಉರಿಸೋದು ಇದಲ್ಲ. ಆ ಟೀವಿಯೋನು! ಪರಿಣತ ಅಂತೆ. ಜನ್ಮದಲ್ಲಿ ಬಸ್ ಹಿಡಿಯೋಕೂ ಓಡಿಲ್ಲ, ಹೊಟ್ಟೆ ನೋಡಿದ್ರೇ ಗೊತ್ತಾಗುತ್ತೆ. ನಿಧಾನಕ್ಕೆ ಓಡಿಸಿ ಓಡಿಸಿ ತೋರಿಸಿದ. ಒಂದು ಸಲ ಅಲ್ಲ, ಹತ್ತು ಸಲ! "ಇಲ್ಲಿ ನೋಡಿ, ಈ ಹುಡುಗಿ ಎಷ್ಟು ಬೇಗ ಹೊರಟಳು ನೋಡಿ, ಕೋಲು ತರ್ತಿರೋ ಹಿರಿಯ ಓಟಗಾರ್ತಿ ಕೂಗ್ತಿದ್ದಾಳೆ, ಇವಳಿಗೆ ಕಿವಿಯೇ ಇಲ್ಲ." ನಿನ್ನ ಕಾಲಿಗೊಂದು ಕೆಂಪು ಬಾಣ ಹಾಕಿದ. ನಿನ್ನ ಕಾಲಿಗೆ! ಯಾರೂ ಬೇಗ ಹೊರಟಿರ್ಲಿಲ್ಲ! ಪಟ್ಟಿ ತುಳಿದ ಕ್ಷಣಕ್ಕೇ ಹೊರಟಿದ್ದೀಯ ನೀನು, ನಾನು ನೋಡಿದೆನಲ್ಲ, ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ. ಬಾಣ ಹಾಕೋದಾದ್ರೆ ದೊಡ್ಡಕ್ಕನ ಎಡಗಾಲಿಗೆ ಹಾಕ್ಬೇಕಿತ್ತು ಆ ಬಡ್ಡಿಮಗ! ಆ ಕಾಲಲ್ಲಿ ಅವಳು ತಿರುವು ಮುಗಿಸಿದ್ದೇ ಪುಣ್ಯ, ಕೊನೇ ಹತ್ತು ಹೆಜ್ಜೆ ಎಳ್ಕೊಂಡೇ ಬಂದಳು, ನೀನೇನು ಕನಸು ಕಂಡಿದ್ಯಾ...

ಏನು?

ಏನಿಲ್ಲ. ಮುಂದೆ ಕೇಳು. ಆ ಟೀವಿಯೋನು...

ಯಾಕೆ ಹಾಗೆ ತಲೆ ಎತ್ತಿದೆ? ಯಾವ ಕಾಲು ಅಂತಾನಾ? ಸುಮ್ನೆ ಅಂದೆ ಮಾರಾಯ್ತಿ. ವಯಸ್ಸಾಗಿದೆ ಅವಳಿಗೆ, ಮೂವತ್ತಾರು, ಕಾಲು ಅಂದ್ಮೇಲೆ ನೋಯಲ್ವಾ? ನನಗೂ ನೋಯುತ್ತೆ. ಎಲ್ಲರಿಗೂ ನೋಯುತ್ತೆ.

ಡಾಕ್ಟರ್ ಹೇಳಿದ್ರಪ್ಪ. ಆಮೇಲೆ ಹೇಳಿದ್ರು. ಓಟ ಆದ್ಮೇಲೆ... ಯಾವ ಡಾಕ್ಟರ್ ಅಂದ್ರೆ... ಹಲ್ಲಿನ...

ನಗಬೇಡ. ಓ, ನೀನು ನಗ್ತಿಲ್ಲ.

ಸರಿ, ಡಾಕ್ಟರ್ ಹೇಳಿಲ್ಲ. ಅವಳೇ ಹೇಳಿದಳು. ದೊಡ್ಡಕ್ಕನೇ. ವಿಮಾನದಲ್ಲಿ ಬರೋವಾಗ ಹೇಳಿದಳು. ನನ್ನ ಪಕ್ಕದಲ್ಲೇ ಕೂತಿದ್ದಳಲ್ಲ... ಇಲ್ವಾ? ಯಾರು ಕೂತಿದ್ರು? ...ನೀನು. ಹೌದು. ಕಿಟಕಿ ಕಡೆ ನೀನು ಕೂತಿದ್ದೆ, ದೊಡ್ಡಕ್ಕ ಬೇರೆ ವಿಮಾನದಲ್ಲಿ ಬಂದಳು. ಬಂದೋಳು ಸೀದಾ ಮನೆ ಸೇರಿ ಬಾಗಿಲು ಹಾಕ್ಕೊಂಡಳು, ಫೋನ್ ಎತ್ತಲ್ಲ, ಅಂಚೆ ಕಚೇರಿಗೆ ರಜೆ ಹಾಕಿದ್ದಾಳೆ, ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ... ಹಾಗಾದ್ರೆ ನನಗೆ ಹೇಗೆ ಗೊತ್ತು. ಅದೇ ತಾನೆ ನೀನು ಕೇಳ್ತಿರೋದು?

ಕೇಳ್ತಿಲ್ಲ ನೀನು. ಬಾಯಿ ಬಿಟ್ಟು ಕೇಳಿದ್ರೆ ಏನೋ ಒಂದು ಹೇಳಿಬಿಡ್ತಿದ್ದೆ. ಹಾಗೆ ನೋಡ್ಬೇಡ್ವೇ! ಕರು ನೋಡಿದ ಹಾಗೆ ನೋಡ್ತೀಯ. ಒಂದು ಮಾತು ಬೈಯಿ, ತಿರುಗಿ ನಾನೂ ಬೈತೀನಿ, ಸರಿಹೋಗುತ್ತೆ. ಇದೇನಿದು, ಗೋಡೆ ಹತ್ರ ಜಗಳ ಆಡಿದ ಹಾಗೆ!

ಒಂದೇ ರೂಮು ನನಗೂ ದೊಡ್ಡಕ್ಕಂಗೂ. ಗೊತ್ತಲ್ಲ ನಿನಗೆ. ಫೈನಲ್ ದಿನ ಬೆಳಿಗ್ಗೆ ಎದ್ದರೆ ಪಕ್ಕದ ಮಂಚ ಖಾಲಿ. ಬಚ್ಚಲಲ್ಲಿ ನೀರಿನ ಸದ್ದು. ಬಾಗಿಲು ತಳ್ಳಿದೆ. ತೊಟ್ಟಿ ಅಂಚಿನ ಮೇಲೆ ಕೂತಿದ್ದಾಳೆ, ಎಡಗಾಲು ಐಸಿನ ನೀರಲ್ಲಿ, ಬಾಯಲ್ಲಿ ಟವೆಲ್ ಕಚ್ಕೊಂಡಿದ್ದಾಳೆ, ಸದ್ದು ಆಚೆ ಬರಬಾರದು ಅಂತ. ಮೀನಖಂಡ ಇಷ್ಟು ದಪ್ಪ ಊದಿತ್ತು. ನನ್ನ ನೋಡಿ ಟವೆಲ್ ತೆಗೆದು, "ಕೋಚ್‌ಗೆ ಹೇಳ್ಬೇಡ್ವೇ" ಅಂದಳು. "ಇದು ನನ್ನ ಕೊನೇ ಓಟ. ಒಂದು ತಿರುವು. ಒಂದೇ ಒಂದು ತಿರುವು ಓಡ್ತೀನಿ, ಆಮೇಲೆ ಈ ಕಾಲು ಕಡಿದು ನಾಯಿಗೆ ಹಾಕಿದ್ರೂ ಚಿಂತೆಯಿಲ್ಲ." ಆಣೆ ಹಾಕಿಸ್ಕೊಂಡಳು ಕಣೇ! ನನ್ನ ಮಗಳ ಮೇಲೆ! ಆಣೆ ಮುರಿಯಕ್ಕಾಗುತ್ತಾ? ನೀನಾಗಿದ್ರೆ ಮುರೀತಿದ್ಯಾ? ಹೇಳು!

ಹೂಂ. ಕೋಚ್‌ಗೆ ಹೇಳಲ್ಲ ಅಂತ ಆಣೆ. ನಿನಗೆ ಹೇಳಲ್ಲ ಅಂತ ಅಲ್ಲ.

ಅದು ನನಗೂ ಗೊತ್ತು! ನೀನು ಹಾಗೆ ಪಿಳಿಪಿಳಿ ನೋಡಿ ತಿಳಿಸ್ಬೇಕಾಗಿಲ್ಲ! ಎರಡು ಹೆಜ್ಜೆ. ನಿನ್ನ ಪಟ್ಟಿ ಎರಡು ಹೆಜ್ಜೆ ಹತ್ತಿರಕ್ಕೆ ಎಳೆದಿದ್ರೆ ಸಾಕಿತ್ತು. ಅವಳು ನಿಧಾನಕ್ಕೆ ಬರ್ತಾಳೆ, ನೀನು ಒಂದು ಗಳಿಗೆ ತಡವಾಗಿ ಹೊರಡ್ತೀಯ, ಕೋಲು ಗೆರೆಯೊಳಗೆ ಕೈಗೆ ಬರುತ್ತೆ. ಕಾಲಿನ ವಿಷಯನೂ ಎತ್ತಬೇಕಾಗಿರ್ಲಿಲ್ಲ. "ಎರಡು ಹೆಜ್ಜೆ ಹತ್ತಿರ ಇಡೇ" ಅಂದ್ರೆ ಆಗ್ತಿತ್ತು. ಆಣೆಯೂ ಉಳೀತಿತ್ತು, ಕಂಚೂ ಬರ್ತಿತ್ತು.

ನೀನು ಬಂದೆ. ಮೈ ಬಿಸಿ ಮಾಡ್ಕೊಳ್ಳೋ ಅಂಗಳಕ್ಕೆ. ನಾನು ಆ ಮೂಲೇಲಿ ನಿಮ್ಮೆಲ್ಲರ ಚೀಲ ಕಾಯ್ತಾ ಕೂತಿದ್ದೆ. ನಿನ್ನ ಕೈಲಿ ಬಿಳೀ ಪಟ್ಟಿಯ ಸುರುಳಿ. ಈ ತಂಡದಲ್ಲಿ ಬೇರೆ ಯಾರನ್ನೂ ಕೇಳ್ಲಿಲ್ಲ ನೀನು. ಕೋಚನ್ನ ಕೇಳ್ಲಿಲ್ಲ. ನನ್ನ ಹತ್ರ ಬಂದು ಮಂಡಿಯೂರಿ ಕೂತು, "ದೊಡ್ಡಕ್ಕನ ಜೊತೆ ನಾನು ಅಭ್ಯಾಸ ಮಾಡಿದ್ದೇ ಎರಡು ಸಲ, ಗುರುತು ಎಲ್ಲಿಡ್ಲಿ ಅಕ್ಕಾ?" ಅಂದೆ.

ನಾನೇನು ಸುಳ್ಳು ಹೇಳಿದ್ನಾ? ಹೇಳು! ಒಂದು ಸುಳ್ಳು ಹೇಳಿದ್ನಾ? "ನಾನು ಎಲ್ಲಿಡ್ತೀನೋ ಅಲ್ಲೇ ಇಡು" ಅಂದೆ. ಒಂಬತ್ತು ವರ್ಷ ನಾನು ಅಲ್ಲೇ ಇಟ್ಟಿದ್ದೆ. ಹಿಂದಿನ ಸುತ್ತಲ್ಲೂ ಅಲ್ಲೇ ಇಟ್ಟಿದ್ದೆ. ಯಾರನ್ನ ಬೇಕಾದ್ರೂ ಕೇಳು, ಸರಿಯಾದ ಜಾಗ ಅದು! ಆ ಜಾಗಕ್ಕೆ ಏನೂ ಆಗಿರ್ಲಿಲ್ಲ... ನೀನು ನನ್ನ ಕೆನ್ನೆ ಮುಟ್ಟಿ "ಥ್ಯಾಂಕ್ಸ್ ಅಕ್ಕಾ" ಅಂದು ಓಡಿದೆ. ಕರೀಬೇಕು ಅಂತ ಬಾಯಿ ತೆರೆದೆ. ತೆರೆದೆ ಕಣೇ, ನಿಜವಾಗ್ಲೂ. ಅಷ್ಟರಲ್ಲಿ ನೀನು ಆ ಬಾಗಿಲ ಹತ್ರ ಹೋಗಿ ಸಾಲಲ್ಲಿ ನಿಂತೆ, ನನ್ನ ಜಾಗದಲ್ಲಿ, ನಾಲ್ಕನೆಯವಳಾಗಿ. ಬಾಯಿ ಮುಚ್ಕೊಂತು. ನಾನು ಮುಚ್ಚಿದ್ದಲ್ಲ. ಅದೇ ಮುಚ್ಕೊಂತು.

ಹದಿನೈದು ದಿನ... ಯಾರೋ ನಿನ್ನ ಬೈದಾಗೆಲ್ಲ ಅವರ ಮೇಲೆ ಎಗರಿ ಬಿದ್ದಿದ್ದೀನಿ. ಟೀವಿಯೋನಿಗೆ ಫೋನ್ ಮಾಡಿ ಬೈದೆ. ಪಕ್ಕದ ಮನೆಯೋಳ ಹತ್ರ ಮಾತು ಬಿಟ್ಟೆ. ನಮ್ಮ ಮನೆಯೋರು, "ಅವಳ ಸ್ವಂತ ಅಕ್ಕನೂ ಹೀಗೆ ಜಗಳ ಆಡಲ್ಲ ಬಿಡು, ದೊಡ್ಡ ಮನಸ್ಸು ನಿಂದು" ಅಂದ್ರು. ದೊಡ್ಡ ಮನಸ್ಸು!

ನೀನು ಯಾರಿಗೂ ಹೇಳಿಲ್ಲ. ಅದು ಗೊತ್ತು. ನನ್ನ ಕೇಳಿ ಇಟ್ಟೆ ಅಂತ ಕೋಚ್‌ಗೂ ಹೇಳಿಲ್ಲ, ನಿಮ್ಮಪ್ಪಂಗೂ ಹೇಳಿಲ್ಲ. ಯಾಕೆ? ಅಕ್ಕ ಹೇಳಿದ ಜಾಗ ಸರಿಯಾಗೇ ಇರುತ್ತೆ, ನಾನೇ ಎಲ್ಲೋ ಎಡವಿದ್ದೀನಿ ಅಂತಾನಾ? ಹಾಗಂತ ನಂಬಿದ್ಯಾ ಇಷ್ಟು ದಿನ? ತಲೆ ಆಡಿಸ್ಬೇಡ... ಆಡಿಸ್ಬೇಡ್ವೇ ಹಾಗೆ. ನಾನಿಲ್ಲಿಗೆ ಯಾಕೆ ಬಂದೆ ಗೊತ್ತಾ? ಪಕ್ಕದಲ್ಲಿ ಕೂರೋಕಲ್ಲ. ನೀನು ಒಳಗೆ ಹೋಗಿ ನನ್ನ ಹೆಸರು ಹೇಳ್ತೀಯೇನೋ ಅಂತ ನೋಡೋಕೆ.

ನೀನು ಹೇಳ್ತಿರ್ಲಿಲ್ಲ. ಅಲ್ವಾ?

ಬಂದ್ರು ನೋಡು. ಬಾಗಿಲು ತೆಗೆದ್ರು. ಹಾಂ ಸಾರ್... ಒಂದು ನಿಮಿಷ ಸಾರ್.

ಎಲ್ಲಿ ಏಳ್ತೀಯ? ಕೂತ್ಕೋ. ಆ ಚೀಲ ಕೆಳಗಿಡು. "ಗಾಬರಿ ಆಯ್ತು ಸಾರ್" ಅಂತ ಹೇಳೋಕೆ ಹೊರಟ್ಯಾ, ನಾನು ಹೇಳಿಕೊಟ್ಟ ಹಾಗೆ? ಇವತ್ತೂ ನನ್ನ ಮಾತು ಕೇಳ್ತೀಯಲ್ಲೇ ಹುಚ್ಚಿ! ಎಷ್ಟು ಸಲ ಕೇಳ್ತೀಯ ನನ್ನ ಮಾತು! ಬುದ್ಧಿ ಬೇಡ್ವಾ ನಿನಗೆ?

ಕೈ ಬಿಡು. ಬಿಡು ಅಂದ್ನಲ್ಲ! ನೀನು ಬೇಡ ಅಂದ್ರೂ ನಾನು ಕೇಳಲ್ಲ. ಒಂದು ಮಾತೂ ಆಡಿಲ್ಲ ನೀನು ಇಷ್ಟು ಹೊತ್ತು, ಈಗ ಆಡಬೇಡ, ಆಡಿದ್ರೆ ನನಗೆ ಕಾಲು ಬರಲ್ಲ.

ಬಂದೆ ಸಾರ್. ...ಇಲ್ಲ ಸಾರ್, ಅವಳಲ್ಲ. ಅವಳನ್ನ ಆಮೇಲೆ ಕರೀರಿ, ಇಲ್ಲಾ ಕರೀಲೇಬೇಡಿ. ಮೊದ್ಲು ನನ್ನ ಕೇಳಿ.